ಕೌಂಟರಿನ ಆಚೆಯ ಸ್ಟೂಲು

ಔಷಧ ಕೊಡುವುದರಲ್ಲಿ ನಿಪುಣರು ಹಲವರಿದ್ದಾರೆ. ಕೊಡದೆ ತಡೆಯುವುದರಲ್ಲಿ ಮೂವತ್ತನಾಲ್ಕು ವರ್ಷ ಕೀರ್ತಿ ಗಳಿಸಿದವರು ನಮ್ಮ ಆಸ್ಪತ್ರೆಯ ಮುಖ್ಯ ಫಾರ್ಮಸಿಸ್ಟರೊಬ್ಬರೇ. ಯಾವ ಮಾತಿಗೂ ಮುಂಚೆ ‘ತಡಿ, ತಡಿ’ ಎನ್ನುವ ಅವರು ಬೆನ್ನ ಹಿಂದೆ ನಮಗೆಲ್ಲ ‘ತಡಿ ಸಾರ್’. ಇಂಥ ಅಭಿನಂದನ ಗ್ರಂಥಗಳಲ್ಲಿ ಹೊಗಳಿಕೆಯ ಡೋಸು ಮೀರುವ ಅಪಾಯವಿರುವುದರಿಂದ ನಡೆದದ್ದನ್ನಷ್ಟೇ ಹೇಳುತ್ತೇನೆ. ಅಪರಾಧಿ ನಾನೇ, ಹಾಗಾಗಿ ಸಾಕ್ಷಿಗೆ ಕೊರತೆಯಿಲ್ಲ.

ನಾನು ಕೆಲಸಕ್ಕೆ ಸೇರಿದ ದಿನವೇ ಅವರ ಒಂದು ಪದ್ಧತಿಯನ್ನು ಕಂಡೆ. ಸಂದೇಹ ಬಂದಾಗಲೆಲ್ಲ ಅವರು ತಮ್ಮ ಕುರ್ಚಿ ಬಿಟ್ಟು, ಕೌಂಟರಿನ ಆಚೆ ರೋಗಿಗಳ ಮನೆಯವರು ಕೂರುವ ಸ್ಟೂಲಿನ ಮೇಲೆ ಕೂತು, ಕಣ್ಣುಮುಚ್ಚಿ ಪ್ರಾರ್ಥಿಸುತ್ತಿದ್ದರು. “ಕರ್ತನು ಈ ಕಡೆ ಕೂತಿರ್ತಾನಪ್ಪ, ಕುರ್ಚಿ ಕಡೆ ಅಲ್ಲ. ಸರಿ ಯಾವುದು, ತಪ್ಪು ಯಾವುದು ಅಂತ ಇಲ್ಲಿಂದ ನೋಡಿದ್ರೇನೇ ಕಾಣೋದು.” ಒಂದೇ ಚರ್ಚಿನ ಗಾಯನವೃಂದದಲ್ಲಿ ಅವರ ಪಕ್ಕ ನಿಂತು ಹಾಡುತ್ತಿದ್ದ ನಾನು ಈ ಮಾತನ್ನು ಮನಸ್ಸಿಗೆ ಹಾಕಿಕೊಳ್ಳಲಿಲ್ಲ, ಅವರ ದನಿಯನ್ನು ಮಾತ್ರ ಗಂಟಲಿಗೆ ಹಾಕಿಕೊಂಡೆ.

ಹನ್ನೆರಡು ವರ್ಷದ ಹಿಂದೆ ಒಂದು ಬೆಳಿಗ್ಗೆ, ಮಕ್ಕಳ ವಾರ್ಡಿಗೆ ಹೋಗಿದ್ದ ಜ್ವರದ ಸಿರಪ್ಪಿನ ಬಣ್ಣ ಯಾಕೋ ಮಂಕಾಗಿದೆಯೆಂದು ಅವರು ಅದನ್ನು ಕೊಡದಂತೆ ತಡೆದು, ಒಂದು ಬಾಟಲಿಯನ್ನು ಪರೀಕ್ಷೆಗೆ ಕಳಿಸಿದರು. ಅವರು ಆಚೆ ಹೋದದ್ದೇ ತಡ, ವಾರ್ಡಿನ ಗೆಳೆಯನನ್ನು ನಗಿಸಲು ಅವರ ದನಿಯಲ್ಲಿ ಫೋನು ಮಾಡಿದೆ. ಎತ್ತಿದವಳು ಹೊಸ ಸಿಸ್ಟರ್.

“ಸಾರ್, ಆ ಸಿರಪ್ ಕೊಡಬಹುದಾ?”

“ತಡಿ, ತಡಿ… ಹ್ಞಾಂ, ಕೊಡಿ ಕೊಡಿ!”

ತಡಿ ಸಾರ್ ಅಷ್ಟು ಬೇಗ ‘ಕೊಡಿ’ ಎನ್ನುವುದೇ ತಮಾಷೆಯೆಂದುಕೊಂಡಿದ್ದೆ. ಆಕೆಗೆ ಅದು ಗೊತ್ತಿರಲಿಲ್ಲ, ಫೋನಿಟ್ಟಳು. ಮತ್ತೆ ಮಾಡಿದರೆ ಯಾರೂ ಎತ್ತಲಿಲ್ಲ. ಓಡಿದೆ. ಅಷ್ಟರಲ್ಲಿ ಇಬ್ಬರು ಮಕ್ಕಳು ಕುಡಿದಾಗಿತ್ತು. ಮಿಕ್ಕ ಬಾಟಲಿಗಳನ್ನು ಕಿತ್ತುಕೊಂಡು ಬಂದೆ; ಯಾಕೆಂದು ಮಾತ್ರ ಹೇಳಲಿಲ್ಲ.

ಅವರು ಮರಳಿದಾಗ ಸಿಸ್ಟರ್ ಅಳುತ್ತಾ, “ನೀವೇ ಹೇಳಿದ್ರಲ್ಲ ಸಾರ್!” ಎಂದಳು. ಸುಮ್ಮನಿದ್ದರೆ ತಪ್ಪು ಆಕೆಯದೋ ಅವರದೋ ಆಗುತ್ತದೆ, ಬಾಯಿಬಿಟ್ಟರೆ ನನ್ನ ಕೆಲಸ ಹೋಗುತ್ತದೆ. ನನ್ನ ಅಣಕು ಬಲ್ಲ ಅವರು ನನ್ನತ್ತ ತಿರುಗಿ ಸ್ಟೂಲು ತೋರಿಸಿದರು.

“ಕೂತ್ಕೋ. ಈಗೇನು ಮಾಡ್ಬೇಕು? ನನ್ನ ದನೀಲೇ ಹೇಳು.”

ಕೂತೆ. ಎಷ್ಟು ತಿಣುಕಿದರೂ ಅವರ ದನಿ ಬರಲಿಲ್ಲ; ನನ್ನದೇ ಒಡಕು ದನಿ ಬಂತು. “ಫೋನ್ ಮಾಡಿದ್ದು ನಾನು ಸಾರ್. ಡಾಕ್ಟರಿಗೆ, ಆ ಅಮ್ಮಂದಿರಿಗೆ ನಾನೇ ಹೇಳ್ತೀನಿ.”

“ನಡಿ, ನಾನೂ ಬರ್ತೀನಿ.”

ಒಬ್ಬ ತಾಯಿ ಬೈದಳು. ಇನ್ನೊಬ್ಬಳು ಮಗುವನ್ನು ಅವಚಿಕೊಂಡಳು. ಡಾಕ್ಟರು ಗಂಟೆಗೊಮ್ಮೆ ಬಂದು ನೋಡಿದರು. ಸಂಜೆಯವರೆಗೆ ಆ ಎರಡು ಮಂಚಗಳ ನಡುವೆ ನಾವಿಬ್ಬರೂ ಕೂತಿದ್ದೆವು; ಮಗು ಕೆಮ್ಮಿದಾಗಲೆಲ್ಲ ನಾನು ಎದ್ದು ನಿಲ್ಲುತ್ತಿದ್ದೆ. ಆರು ಗಂಟೆಗೆ ವರದಿ ಬಂತು: ಸಿರಪ್ಪಿನಲ್ಲಿ ದೋಷವಿಲ್ಲ. ನಾನು ನಿಟ್ಟುಸಿರುಬಿಟ್ಟೆ. ಅವರು ಬಿಡಲಿಲ್ಲ. “ಮದ್ದು ಸರಿಯಿತ್ತು. ನೀನು ಮಾಡಿದ್ದು ಸರಿಯಾಗ್ಲಿಲ್ಲ.” ನನಗೆ ಒಂದು ತಿಂಗಳು ಅಮಾನತು, ಕೆಲಸ ಉಳಿದದ್ದು ಅವರು ಆಡಳಿತದ ಮುಂದೆ ನನ್ನ ಹೊಣೆ ಹೊತ್ತದ್ದರಿಂದ. ಅವರು ಹೇಳುವವರೆಗೂ ಆ ದನಿ ತೆಗೆಯೆನೆಂದು ಅಂದೇ ಮಾತು ಕೊಟ್ಟೆ.

ಹನ್ನೆರಡು ವರ್ಷ ಅವರು ಹೇಳಲಿಲ್ಲ. ಮೊನ್ನೆ ಅವರ ನಿವೃತ್ತಿಯ ಬೀಳ್ಕೊಡುಗೆಯ ಚಹಾದ ಹೊತ್ತಿಗೆ, ಈಗ ವಾರ್ಡಿನ ಮುಖ್ಯಸ್ಥೆಯಾಗಿರುವ ಅದೇ ಸಿಸ್ಟರ್ ಎದುರಿಗೇ, “ಎಲ್ಲಿ, ನನ್ನ ದನಿ ಒಂದ್ಸಲ ಮಾಡೋ” ಎಂದರು. ನಾನು ಸಿಸ್ಟರ್ ಕಡೆ ನೋಡಿದೆ. ಸಿಸ್ಟರೇ ನನ್ನನ್ನು ತಡಿ ಸಾರ್ ಮಾಡಿ ಕೇಳಿದಳು: “ಸಾರ್, ನೂರು ವರ್ಷ ಬಾಳಿ, ದಿನಾ ಬಂದು ನಮ್ಮನ್ನ ತಡೀತಿರ್ತೀರಾ?”

“ತಡಿ, ತಡಿ… ಸ್ಟೂಲ್ ಮೇಲೆ ಕೂತು, ಕರ್ತನನ್ನ ಕೇಳಿ ಹೇಳ್ತೀನಮ್ಮ” ಎಂದೆ, ಅವರದೇ ದನಿಯಲ್ಲಿ.

ಕೋಣೆಯೆಲ್ಲ ನಕ್ಕಿತು. ಕರ್ತನು ಅವರಿಗೆ ‘ಕೊಡಿ ಕೊಡಿ’ ಎಂದೇ ಆಯುಸ್ಸು ಬರೆಯಲಿ ಎಂಬ ನಮ್ಮ ಹಾರೈಕೆ ಆ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಲೋಟದ ಚಹಾ ಚೆಲ್ಲಿಕೊಂಡು ಎಲ್ಲರಿಗಿಂತ ಗಟ್ಟಿಯಾಗಿ ನಗುತ್ತಿದ್ದವರು ತಡಿ ಸಾರ್.