ಮೂಲೆಯತ್ತ ತಿರುಗಿ ಆಡಿದ ಮಾತು

ರತ್ನ ಕಾಯಿಲೆ ಬೀಳುವ ಹಿಂದಿನ ದಿನ ನಮ್ಮ ಮನೆಗೆ ನೂಲಿನ ದಲ್ಲಾಳಿಯೊಬ್ಬ ಬಂದಿದ್ದ. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ದೊಡ್ಡಬಳ್ಳಾಪುರದ ನಮ್ಮ ಬೀದಿಯ ಮನೆಮನೆಯಲ್ಲೂ ವಿದ್ಯುತ್ ಮಗ್ಗ ಬಡಿಯುತ್ತಿತ್ತು. ಆ ಸದ್ದಿನಲ್ಲಿ ಕೂಗಿದರೂ ಕೇಳದು. ಅದಕ್ಕೇ ನಾವು ದನಿಯಿಲ್ಲದೆ ತುಟಿ ಆಡಿಸುತ್ತಿದ್ದೆವು. ಎದುರಿನವರು ನೋಡಿ ತಿಳಿಯುತ್ತಿದ್ದರು. ನಿಮಗೆ ವಿಚಿತ್ರ ಅನ್ನಿಸಬಹುದು. ನಮಗೆ ಅದೇ ಮಾತು.

ದಲ್ಲಾಳಿಯ ಬೆನ್ನ ಹಿಂದೆ ನಿಂತು, ಏಳು ತಿಂಗಳ ಬಸುರಿ ನನ್ನ ಹೆಂಡತಿ ರತ್ನ ತುಟಿಯಲ್ಲೇ ಕೇಳಿದಳು: "ಇವ್ರು ಊಟಕ್ಕೂ ಕೂತ್ಬಿಡ್ತಾರಾ ಹೆಂಗೆ?"

ಅಮ್ಮನೂ ಸದ್ದಿಲ್ಲದೆ ಅಂದಳು: "ಕೂತ್ರೆ ನಿನ್ ಮುದ್ದೆ ಕೊಡು. ಇಬ್ಬರ ಪಾಲು ತಿಂತೀಯಲ್ಲ!"

ನಗಬಾರದ ಕಡೆಯೇ ನಗುವವನು ನಾನು. ದಲ್ಲಾಳಿ ತನ್ನ ಮಾತಿಗೆ ನಕ್ಕೆನೆಂದುಕೊಂಡು ಇನ್ನಷ್ಟು ಹೊತ್ತು ಕೂತ.

ಮರುದಿನ ಅವಳ ಮುಖ ಊದಿತ್ತು. ಬೆಂಗಳೂರಿನ ಹೆರಿಗೆ ಆಸ್ಪತ್ರೆ ಸೇರುವಷ್ಟರಲ್ಲಿ ಉಸಿರು ಸಿಗುತ್ತಿರಲಿಲ್ಲ. ರಕ್ತದೊತ್ತಡ ಏರಿ ಶ್ವಾಸಕೋಶದಲ್ಲಿ ನೀರು ತುಂಬಿದೆ ಅಂದರು ಡಾಕ್ಟರಮ್ಮ. ನಮ್ಮನ್ನು ಹೊರಗೆ ಕರೆಯದೆ, ಹಾಸಿಗೆಯ ಪಕ್ಕದಲ್ಲೇ ನಿಂತು ಅವಳನ್ನೇ ಕೇಳಿದರು: "ಈಗ್ಲೇ ಹೆರಿಗೆ ಮಾಡಿಸಿದ್ರೆ ನೀನು ಉಳೀಬಹುದು, ಮಗು ಉಳಿಯಲ್ಲ. ಕಾದ್ರೆ ಮಗು ಉಳೀಬಹುದು, ನಿನ್ನ ಬಗ್ಗೆ ಭರವಸೆ ಕೊಡೋಕಾಗಲ್ಲ. ನೀನೇ ಹೇಳಮ್ಮ."

ರತ್ನಳ ತುಟಿ ಆಡಿತು. ದನಿ ಬರಲಿಲ್ಲ. ಡಾಕ್ಟರಮ್ಮ ನಮ್ಮತ್ತ ತಿರುಗಿದರು.

"ಮಗೂನ ಉಳ್ಸಿ ಅಂತಾಳೆ," ಅಂದಳು ಅಮ್ಮ.

ನಾನೂ ನೋಡಿದ್ದೆ. "ಇಲ್ಲ ಡಾಕ್ಟ್ರೇ. ನಾನು ಬದುಕ್ಬೇಕು ಅಂದ್ಲು."

"ಸುಮ್ನಿರೋ! ಯಾವ ತಾಯಿ ಹಂಗಂತಾಳೆ? ನಾಳೆ ಅವಳಿಗೇ ಕೆಟ್ಟ ಹೆಸರು ಕಣೋ." ಅಮ್ಮನ ಕಣ್ಣು ತುಂಬಿತ್ತು. ಸೊಸೆಯ ಮಾನ ಕಾಯಲೆಂದೇ ಅವಳು ಸುಳ್ಳು ಹೇಳಿದಳೆಂದು ಈಗಲೂ ನಂಬಿದ್ದೇನೆ.

ಡಾಕ್ಟರಮ್ಮ ರತ್ನಳ ಕೈ ಹಿಡಿದರು. "ನೀನು ಬದುಕ್ಬೇಕು ಅಂದ್ಯಾ? ಹೌದಾದ್ರೆ ನನ್ನ ಕೈ ಒತ್ತು."

ಒತ್ತಿದಳು.

ಅವಳು ಉಳಿದಳು. ಮಗು ಉಳಿಯಲಿಲ್ಲ. ಹೆಣ್ಣು. ಅಮ್ಮನೇ ಬಾಣಂತನ ಮಾಡಿದಳು. ಆ ಮಾತು ಮತ್ತೆ ಎತ್ತಲಿಲ್ಲ.

ಕೆಲವು ತಿಂಗಳಾದ ಮೇಲೆ ರತ್ನ ಮಗ್ಗಕ್ಕೆ ನಿಂತಳು. ಒಂದು ಮಧ್ಯಾಹ್ನ ನೂಲು ಜೋಡಿಸುತ್ತಿದ್ದವನು ತಲೆಯೆತ್ತಿದೆ. ಅವಳು ಮೂಲೆಯ ಖಾಲಿ ನೆಲದತ್ತ ಬಾಗಿದ್ದಳು. ತುಟಿ ಆಡುತ್ತಿತ್ತು. "ಲಾಳಿ ಹತ್ರ ಬರ್ಬೇಡ. ಪೆಟ್ಟಾಗುತ್ತೆ." ಆಮೇಲೆ ಮಾತು ನಿಲ್ಲಿಸಿದಳು, ಯಾರೋ ಉತ್ತರ ಕೊಡುತ್ತಿರುವಂತೆ. ನಕ್ಕಳು. ಅಮ್ಮನೂ ನೋಡಿದ್ದಳು. ಎದ್ದು ಹೋಗಿ, ಆ ಮೂಲೆಯಲ್ಲಿ ಬಿದ್ದಿದ್ದ ಕತ್ತರಿಯನ್ನು ಮೇಲೆತ್ತಿಟ್ಟಳು.

ವರ್ಷ ಕಳೆದಂತೆ ರತ್ನಳ ನೋಟ ನೆಲದಿಂದ ಮೆಲ್ಲಗೆ ಮೇಲೇರಿತು, ಮಗು ಬೆಳೆದ ಹಾಗೆ. ಕೊನೆಗೆ ಎದುರು ನಿಂತವಳೊಡನೆ ಮಾತಾಡುವಂತೆ ತುಟಿ ಆಡಿಸುತ್ತಿದ್ದಳು. ಹೆಸರು ಹಿಡಿದು ಕರೆಯುವಾಗ ಮಾತ್ರ ತುಟಿ ಕಾಣದಂತೆ ನಮಗೆ ಬೆನ್ನು ಮಾಡುತ್ತಿದ್ದಳು. ಆ ಹೆಸರೊಂದನ್ನು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ.

ಹೋದ ತಿಂಗಳು ರತ್ನ ತೀರಿಕೊಂಡಳು. ಅಮ್ಮ ಹೋಗಿ ಬಹಳ ಕಾಲವಾಯಿತು. ಮಗ್ಗ ನಿಂತಿದೆ, ಮನೆಯಲ್ಲೀಗ ಪಿಸುಮಾತೂ ಕೇಳುತ್ತದೆ. ನಿನ್ನೆ ನಾನೇ ಮೂಲೆಯತ್ತ ತಿರುಗಿ, ರತ್ನ ಹೋದ ಸುದ್ದಿ ಹೇಳಲು ಬಾಯಿ ತೆರೆದೆ. ಏನೆಂದು ಕರೆಯಲಿ? ನನ್ನ ಮಗಳ ಹೆಸರು ನನಗೆ ಗೊತ್ತಿಲ್ಲ.