ಬುಧವಾರ ಎಂದು ಕೂಗಿದವನು

ಚನ್ನಗಿರಿಯ ದಾಸಪ್ಪನ ಮುಖ ಗೊತ್ತಿಲ್ಲದವರಿಗೂ ಅವನ ದನಿ ಗೊತ್ತು. ಇಪ್ಪತ್ತೆರಡು ವರ್ಷದಿಂದ ಮೈಕು ಕಟ್ಟಿದ ಆಟೋದಲ್ಲಿ ಪ್ರಚಾರ ಮಾಡುವ ಮನುಷ್ಯ. ಹೊನ್ನಾಳಿಯ ಸೀರೆ ಅಂಗಡಿ, ನ್ಯಾಮತಿಯ ಕಣ್ಣಿನ ಶಿಬಿರ, ಜಗಳೂರಿನ ಕುಸ್ತಿ, ಯಾರದೋ ಎಲೆಕ್ಷನ್ನು, ಯಾರದೋ ಸಾವು, ಎಲ್ಲಕ್ಕೂ ಅದೇ ಕಂಚಿನ ಕಂಠ. ಸಾವಿನ ಸುದ್ದಿಯನ್ನೂ ಸೀರೆ ರಿಯಾಯಿತಿಯ ಹುರುಪಿನಲ್ಲೇ ಕೂಗುತ್ತಾನೆ ಎಂದು ಜನ ನಗಾಡುತ್ತಿದ್ದರು. ಆದರೆ ದಾಸಪ್ಪ ಕೂಗಿದ ಮೇಲೆ ಮುಗಿಯಿತು, ಆ ಮಾತನ್ನು ಯಾರೂ ಎರಡನೇ ಸಲ ವಿಚಾರಿಸುತ್ತಿರಲಿಲ್ಲ.

ನಾಲೆಗೆ ನೀರು ಬಿಡುವ ಸುದ್ದಿ ಸಾರುವ ಕೆಲಸವೂ ವರ್ಷಾ ವರ್ಷಾ ಅವನದೇ. ಮನೆಯಲ್ಲಿ ಒಂದು ಸಲ ಹೇಳಿ ಪೆನ್‌ಡ್ರೈವಿಗೆ ತುಂಬಿಸಿಕೊಂಡರೆ ಆಯಿತು, ದಿನವಿಡೀ ಅದೇ ತಿರುಗುತ್ತಿರುತ್ತದೆ, ಇವನು ಆಟೋ ಓಡಿಸಿಕೊಂಡು ಎಲೆ ಅಡಿಕೆ ಹಾಕಿಕೊಂಡು ಕೂರಬಹುದು. ಹಳೆಯದನ್ನು ಅಳಿಸುವ ಅಭ್ಯಾಸ ಅವನಿಗಿರಲಿಲ್ಲ. ಮೂರು ವರ್ಷದ ಹಿಂದೆ ನೀರು ಬಿಡುವುದು ಸೋಮವಾರ ಎಂದಿತ್ತು. ಕತ್ತಲಗೆರೆಯ ಕೊನೆಯ ಬೀದಿಯಲ್ಲಿ ಯಾವ ಗುಂಡಿ ಒತ್ತಿದನೋ, ಅದರ ಹಿಂದಿನ ವರ್ಷದ್ದು ಶುರುವಾಯಿತು: ಬರುವ ಬುಧವಾರ ನೀರು ಬಿಡುತ್ತಾರೆ, ಯಾರೂ ನಾಲೆಗೆ ಇಳಿಯಬೇಡಿ. ಬೀದಿ ಮುಗಿಸಿ ಚಾದಂಗಡಿ ಮುಂದೆ ನಿಂತಾಗ ಗೊತ್ತಾಯಿತು. ತಕ್ಷಣ ಸರಿಯಾದದ್ದನ್ನು ಹಾಕಿದ. ವಾಪಸು ಹೋಗಿ ಮತ್ತೊಂದು ಸಲ ಸಾರಬಹುದಿತ್ತು. ಆರೇ ಮನೆ, ಎಲ್ಲರೂ ಕೂಲಿಗೆ ಹೋಗಿರುತ್ತಾರೆ, ಯಾರು ಕೇಳಿಸಿಕೊಂಡಿರುತ್ತಾರೆ ಎಂದುಕೊಂಡು ನಲ್ಲೂರಿನ ಕಡೆ ತಿರುಗಿಸಿದ. ಸೋಮಾರಿತನ, ಮತ್ತೇನಲ್ಲ.

ಕೇಳಿಸಿಕೊಂಡವಳು ಒಬ್ಬಳಿದ್ದಳು. ಅವನ ಸ್ವಂತ ಅಕ್ಕ ಗಿಡ್ಡಮ್ಮ. ಮೈದುನ ತೀರಿಕೊಂಡು ಮನೆಯಲ್ಲಿ ಸೂತಕವಿದ್ದುದರಿಂದ ಎಲ್ಲೂ ಹೋಗದೆ ಆ ಬೀದಿಯ ಮನೆಯಲ್ಲೇ ಇದ್ದಳು, ದಾಸಪ್ಪನಿಗೆ ಆ ಹೊತ್ತಿಗೆ ಅದು ಹೊಳೆಯಲೇ ಇಲ್ಲ. ಸೋಮವಾರ ಸೂತಕ ಕಳೆಯುವ ದಿನ, ಮನೆಯ ಹಾಸಿಗೆ ಹೊದಿಕೆಯನ್ನೆಲ್ಲ ಒಗೆಯಬೇಕು. ಬುಧವಾರದ ತನಕ ಭಯವಿಲ್ಲ, ತಮ್ಮನೇ ಹೇಳಿದ್ದಾನಲ್ಲ. ಬೆಳಕು ಹರಿಯುವ ಮುಂಚೆ ಬಟ್ಟೆ ಗಂಟು ಹೊತ್ತು ಒಣಗಿದ ನಾಲೆಗೆ ಇಳಿದಳು, ಸೇತುವೆ ಕೆಳಗಿನ ಗುಂಡಿಯಲ್ಲಿ ಉಳಿದ ನೀರಿನಲ್ಲಿ ಒಗೆಯಲು. ಹೆಣ ಸಿಕ್ಕಿದ್ದು ಎರಡು ದಿನದ ಮೇಲೆ.

ಊರು ಸುಮ್ಮನಿರುತ್ತದೆಯೇ? ‘ತಮ್ಮ ಗಂಟಲು ಹರಿಯೋ ಹಂಗೆ ಕೂಗಿದ್ದ, ಈಕೆಗೆ ಸೊಕ್ಕು’ ಎಂದಿತು. ಗಿಡ್ಡಮ್ಮನ ಮಗಳು ಚೌಡೇಶ್ವರಿ ಸಾರಿದ ಹೊತ್ತಿಗೆ ಮನೆಯಲ್ಲಿರಲಿಲ್ಲ, ಅವಳೂ ಅದನ್ನೇ ನಂಬಿದಳು. ದಾಸಪ್ಪ ತಿಥಿಯ ದಿನ ಹೇಳೋಣವೆಂದುಕೊಂಡ, ವರ್ಷಾಬ್ದಿಕಕ್ಕೆ ಹೇಳೋಣವೆಂದುಕೊಂಡ. ಇಡೀ ತಾಲ್ಲೂಕಿಗೆ ಸಾರುವವನಿಗೆ ಒಂದು ಹುಡುಗಿಯ ಮುಂದೆ ಬಾಯಿ ಬರಲಿಲ್ಲ.

ಹೀಗಿರುವಾಗ ಹೊನ್ನಾಳಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವ ಅರ್ಪಿತಾ ಅವನ ಆಟೋ ನಿಲ್ಲಿಸಿದಳು. ಫೋನಿನಲ್ಲಿ ಕೇಳುವಂಥದ್ದೊಂದು ನಾಟಕ ಬರೆಯುತ್ತಿದ್ದಳಂತೆ, ‘ಕಾಲದ ತೂಬು’ ಅಂತ ಹೆಸರು. ಮುಂದೆಂದೋ ಒಂದು ಕಾಲದಲ್ಲಿ ಯಂತ್ರವೊಂದು ಬರುತ್ತದೆ. ಪ್ರತಿಯೊಬ್ಬರಿಗೂ ಒಂದೇ ಸಲ ಹಿಂದಕ್ಕೆ ಹೋಗಿ ಒಂದು ದಿನವನ್ನು ತಿದ್ದಿ ಬರೆಯುವ ಅವಕಾಶ. ದಾಸಪ್ಪನ ದನಿ ಕೇಳಿದ ಮೇಲೆ ಅವಳು ನಾಯಕನನ್ನೇ ಸಾರುವವನನ್ನಾಗಿ ಮಾಡಿದ್ದಳು. ಬೆಂಕಿಗೆ ಬೂದಿಯಾಗಲಿರುವ ಊರಿಗೆ ಮೊದಲೇ ಹೋಗಿ ಎಚ್ಚರಿಸುವವನು ಅವನು. ಆ ಪಾತ್ರಕ್ಕೆ ದಾಸಪ್ಪನದೇ ದನಿ ಬೇಕು ಎಂದಳು.

ಒಂದು ದಿನವನ್ನು ತಿದ್ದಬಹುದು ಎಂಬ ಮಾತಿಗೇ ದಾಸಪ್ಪ ಬಿದ್ದುಹೋದ. ಏಳು ಕಂತು, ಏಳು ಭಾನುವಾರ, ಹೊರಗಿನ ಸದ್ದು ಬಾರದಂತೆ ಗೋಡೆಗೆಲ್ಲ ಗೋಣಿಚೀಲ ಕಟ್ಟಿದ ಅರ್ಪಿತಾಳ ಕೋಣೆಯಲ್ಲಿ ಬೆವರು ಸುರಿಸಿಕೊಂಡು ಮಾತಾಡಿದ. ಕೊನೆಯ ಕಂತಿನ ಹಾಳೆ ಕೈಗೆ ಬಂದಾಗ ಓದಿ ಕೆಳಗಿಟ್ಟ. ನಾಯಕ ಹಿಂದಕ್ಕೇನೋ ಹೋಗುತ್ತಾನೆ, ಕೂಗುತ್ತಾನೆ, ಆದರೆ ಒಬ್ಬರಿಗೂ ಅವನ ದನಿ ಕೇಳಿಸುವುದಿಲ್ಲ. ಊರು ಸುಡುತ್ತದೆ.

“ಮೇಡಮ್, ಒಂದೂರು ಉಳಿಸಾಕೆ ನಿಮ್ಮ ಪೆನ್ನಿಗೆ ಇಂಕಿಲ್ಲೇನ್ರಿ?”

“ಹಂಗಲ್ಲ ದಾಸಪ್ಪನೋರೆ. ಹೋಗಿ ಸರಿ ಮಾಡಿಬಿಟ್ರೆ, ತಪ್ಪೇ ಆಗಿರಲ್ಲ. ತಪ್ಪೇ ಆಗಿಲ್ಲ ಅಂದ್ರೆ ಸರಿ ಮಾಡಾಕೆ ಅವನು ಯಾಕೆ ಹೋಗ್ತಾನೆ ಹೇಳ್ರಿ? ಆಗಿದ್ದು ಆಗೇ ಇರ್ತೈತೆ.”

ಇಷ್ಟು ಓದಿದವಳೇ ಹಾಗಂದ ಮೇಲೆ ಇನ್ನೇನಿದೆ? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಅವನವ್ವ ಯಾವ ಕಾಲೇಜಿಗೂ ಹೋಗದೆ ಹೇಳಿದ್ದಳು. ದಾಸಪ್ಪ ಮೈಕಿನ ಮುಂದೆ ಕೂತ. ‘ಆದದ್ದು ಆಯಿತು’ ಎಂದು ಮುಗಿಸಬೇಕಿತ್ತು. ಅವನು ಹಾಳೆಯನ್ನೇ ನೋಡಲಿಲ್ಲ.

“ಅಕ್ಕಾ, ಗಿಡ್ಡಕ್ಕಾ, ನೀರು ಸೋಮವಾರ ಬರ್ತೈತೆ ಕಣಕ್ಕಾ. ಬುಧವಾರ ಅಂತ ಸಾರಿದ್ದು ನಾನೇ. ಹಳೇದು ಹಾಕಿಬಿಟ್ಟೆ. ಗೊತ್ತಾದ ಮೇಲೂ ನಿನ್ನ ಬೀದಿಗೆ ತಿರುಗಿ ಬರ್ಲಿಲ್ಲ. ಊರೆಲ್ಲ ನಿಂಗೆ ಸೊಕ್ಕು ಅಂತು, ನಾನು ಕೇಳ್ಕೊಂಡು ಕುಂತೆ.”

ಅರ್ಪಿತಾಳ ಕಣ್ಣಲ್ಲಿ ನೀರು. “ದಾಸಪ್ಪನೋರೆ, ನನ್ನ ಹಾಳೆ ಬೇಡ, ಇದೇ ಇರಲಿ. ಬೆಂಕಿ ಬದಲು ನೀರು ಅಂತ ಹಿಂದಿನ ಕಂತಲ್ಲೇ ತಿದ್ದಿಬಿಡ್ತೀನಿ. ಎಂಥಾ ಅಭಿನಯ!” ಅಂದಳು. ಅವನು ಅಲ್ಲ ಎನ್ನಲಿಲ್ಲ. ಚೌಡೇಶ್ವರಿಯ ಕಿವಿಗೆ ಹೋಗಿ ಮುಟ್ಟಿದರೆ ಸಾಕಿತ್ತು, ಅದೊಂದು ಆಸೆ ಅವನಿಗೆ.

ಮುಂದಿನ ಭಾನುವಾರ ಮಧ್ಯಾಹ್ನ ಕತ್ತಲಗೆರೆಗೆ ಹೋದ. ಚೌಡೇಶ್ವರಿ ಫೋನನ್ನು ಖಾಲಿ ಪಾತ್ರೆಯಲ್ಲಿಟ್ಟು, ದನಿ ಜೋರಾಗುವಂತೆ ಮಾಡಿಕೊಂಡು, ಬೀದಿಯ ಹೆಂಗಸರನ್ನೆಲ್ಲ ಸೇರಿಸಿ ಕೊನೆಯ ಕಂತು ಕೇಳುತ್ತಿದ್ದಳು. ದಾಸಪ್ಪ ಬಾಗಿಲಲ್ಲೇ ನಿಂತ. ತನ್ನ ದನಿ ತನ್ನ ತಪ್ಪನ್ನು ಒಂದೊಂದಾಗಿ ಒಪ್ಪಿಕೊಳ್ಳುವುದನ್ನು ಕೇಳಿದ. ಬೈಯಲಿ, ಉಗಿಯಲಿ, ಕೆರ ತಗೊಂಡು ಹೊಡೆಯಲಿ ಎಂದು ಕಾದ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಚೌಡೇಶ್ವರಿ ಎದ್ದು ಬಂದು ಅವನ ಕಾಲು ಮುಟ್ಟಿದಳು.

“ನಮ್ಮವ್ವ ಮಾಡ್ಕಂಡ ತಪ್ಪನ್ನ ನಿನ್ನ ಮೇಲೆ ಹಾಕ್ಕಂಡ್ಯಲ್ಲ ಮಾವ. ನಾಟಕದಾಗಾದ್ರೂ ಆಕೀನ ತಪ್ಪಿಲ್ಲ ಅನಿಸಿದೆ. ಇಷ್ಟು ದೊಡ್ಡ ಮನಸು ಯಾರಿಗೈತೆ ಹೇಳು?”

“ಚೌಡೀ, ಅದು ನಾಟಕ ಅಲ್ಲವ್ವ. ದೇವರಾಣೆ, ನಾನೇ ಬುಧವಾರ ಅಂತ ಸಾರಿದ್ದು.”

ಹೆಂಗಸರಲ್ಲೊಬ್ಬಳು, “ಅಯ್ಯಪ್ಪಾ, ನೋಡ್ರೇ, ಇನ್ನೂ ನಾಟಕದ ಪಾರ್ಟಿನಾಗೇ ಐದಾನೆ” ಅಂದಳು. ಎಲ್ಲರೂ ಅಳುತ್ತಳುತ್ತಲೇ ನಕ್ಕರು. ಚೌಡೇಶ್ವರಿಯೂ ನಕ್ಕಳು. ಅವ್ವ ಸತ್ತ ಮೇಲೆ ಅವಳು ಹಾಗೆ ನಕ್ಕಿದ್ದನ್ನು ದಾಸಪ್ಪ ನೋಡಿರಲಿಲ್ಲ.

“ಸಾಕು ಬಿಡು ಮಾವ, ನಮ್ಮವ್ವ ಹಟಮಾರಿ ಅಂತ ನಂಗೊತ್ತಿಲ್ಲೇನು? ಕೈ ತೊಳ್ಕಾ, ಉಣ್ಣು ಬಾ” ಎಂದು ಮುದ್ದೆ ಬಡಿಸಿದಳು. ಇನ್ನೊಂದು ಸಲ ಹೇಳಬಹುದಿತ್ತು. ದಾಸಪ್ಪ ಕೈ ತೊಳೆದುಕೊಂಡು ಉಣ್ಣಲು ಕೂತ.