ಅಕ್ಕ ಕಾರಿನ ಸೀಟು ನೆನೆಸಿದ ದಿನ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಸ್ನಾನ ಮಾಡುತ್ತಿದ್ದುದು ಅಪ್ಪನ ಕಾರು. ನನಗೆ ವಾರಕ್ಕೊಮ್ಮೆ ಎಣ್ಣೆನೀರು. ಮದುವೆ ಕಾಲ ಬಂತೆಂದರೆ ಕಾರಿಗೆ ದಿನವೂ ಮೈ ತುಂಬ ನೀರು. ನಗುತ್ತೀರಾ ಮಕ್ಕಳೇ? ನಗಿ, ನಗಿ. ಬಾವಿಯಿಂದ ಸೇದಿ ಹೊತ್ತವರು ನಾನು ಮತ್ತು ಅಕ್ಕ. ಈಗ ನೆನೆಸಿಕೊಂಡರೂ ನನ್ನ ರಟ್ಟೆ ಎಳೆಯುತ್ತದೆ.

ನಮ್ಮದು ಮದಲೂರಿನ ಹತ್ತಿರದ ಒಂದು ಹಳ್ಳಿ. ಅಪ್ಪನದು ಬಾಡಿಗೆ ಕಾರು, ಕರಿ ಬಣ್ಣದ ಅಂಬಾಸಿಡರ್. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಎಂದು ದಿನವೂ ಅದರ ಓಡಾಟ. ಅದರಲ್ಲಿ ಏನೇನು ಹೋಗುತ್ತಿತ್ತು ಎಂದು ಕೇಳಬೇಡಿ. ಬಾಣಂತಿಯರು, ಬೀಗರು, ಬಾಳೆಗೊನೆ. ಒಮ್ಮೆ ಕುರಿ ಕಾಯುವವರೊಬ್ಬರು ಕಾಲು ಮುರಿದ ಟಗರನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ದನದ ಡಾಕ್ಟರ ಹತ್ತಿರ ಹೋಗಿದ್ದರು. ಟಗರು ಇಳಿಯಿತು, ಅದರ ವಾಸನೆ ಇಳಿಯಲಿಲ್ಲ. ಅಕ್ಕ ಒಂದು ಕಟ್ಟು ಊದಿನಕಡ್ಡಿ ಸುಟ್ಟಳು.

ಕಾರು ತೊಳೆಯುವುದಕ್ಕೂ ಒಂದು ಕ್ರಮ ಇತ್ತು. ಮೊದಲು ಒಳಗಿನ ಮ್ಯಾಟುಗಳನ್ನು ತೆಗೆದು ಕಲ್ಲಿಗೆ ಬಡಿಯಬೇಕು. ಮಣ್ಣು, ಕಡಲೆಕಾಯಿ ಸಿಪ್ಪೆ, ಮದುವೆಯ ಅಕ್ಷತೆ ಎಲ್ಲ ಉದುರುತ್ತಿದ್ದವು. ಆಮೇಲೆ ನೀರು, ಅದೂ ಮೇಲಿನಿಂದ ಕೆಳಕ್ಕೆ. ಧೂಳಿನ ಮೇಲೆ ಒಣಬಟ್ಟೆ ಆಡಿಸಿದರೆ ಬಣ್ಣಕ್ಕೆ ಗೀರು ಬೀಳುತ್ತದೆಂದು ಅಪ್ಪ ಕಿವಿ ಹಿಂಡಿ ಕಲಿಸಿದ್ದ. ಚಕ್ರದ ಮೇಲಿನ ಕೆಸರಿಗೆ ತೆಂಗಿನ ನಾರು, ಮೈಗೆ ಸೋಪಿನ ಚೂರು ನೆನೆಸಿದ ನೀರು ಮತ್ತು ಅಮ್ಮನ ಹಳೇ ಸೀರೆಯ ತುಂಡು, ಗಾಜಿಗೆ ಹಳೇ ಪೇಪರು. ಮುಂದಿನ ಬಂಪರನ್ನು ಮಾತ್ರ ಅಕ್ಕ ದೇವರ ಗೂಡಿನಿಂದ ಚಿಟಿಕೆ ವಿಭೂತಿ ತಂದು ಉಜ್ಜುತ್ತಿದ್ದಳು. ಅಂಥ ಹೊಳಪು ಬೇರೆ ಯಾವುದರಿಂದಲೂ ಬರುತ್ತಿರಲಿಲ್ಲ. ಅಮ್ಮ ಬೈಯುತ್ತಿದ್ದಳು, ಅಕ್ಕ "ಶಿವ ಏನೂ ಅನ್ಕಳ್ಳಲ್ಲ ಬುಡಮ್ಮ" ಎನ್ನುತ್ತಿದ್ದಳು. ಹರಿದ ನೀರೆಲ್ಲ ಕಾಲುವೆಯಲ್ಲಿ ಕನಕಾಂಬರದ ಗಿಡಕ್ಕೆ ಹೋಗುತ್ತಿತ್ತು.

ನಾನು ಹೇಳಹೊರಟ ದಿನವೂ ಮದುವೆ ಕಾಲದ್ದೇ. ಅಪ್ಪ ಒಂದು ದಿಬ್ಬಣ ಇಳಿಸಿ ಇನ್ನೊಂದು ಹತ್ತಿಸಿಕೊಳ್ಳುತ್ತಿದ್ದ. ಅವನು ಚಾಪೆಯ ಮೇಲೆ ಮಲಗಿದ್ದನ್ನು ನಾವು ನೋಡಿಯೇ ಎಷ್ಟೋ ದಿನವಾಗಿತ್ತು. ಆ ದಿನ ಬಿಸಿಲೇರುವ ಹೊತ್ತಿಗೆ ಬಂದ. ಕಾರನ್ನು ಹೊಂಗೆ ಮರದ ಕೆಳಗೆ ನಿಲ್ಲಿಸಿ, ಇಳಿಯಲೂ ಮನಸ್ಸಿಲ್ಲದವನಂತೆ ಸ್ವಲ್ಪ ಹೊತ್ತು ಒಳಗೇ ಕುಳಿತಿದ್ದ. ಕಣ್ಣು ಕೆಂಡವಾಗಿದ್ದವು. "ಮಧ್ಯಾನಕ್ಕೆ ಗಂಡಿನ ಕಡೆಯವ್ರು ಬತ್ತಾರೆ, ಪಾವಗಡಕ್ಕೆ ಹೋಗ್ಬೇಕು. ಅಷ್ಟರಾಗೆ ಗಾಡಿ ತೊಳ್ದು ಮಡಗ್ರಪ್ಪ" ಎಂದ.

ಅಮ್ಮ ಮುದ್ದೆ ಬಡಿಸಿದಳು. ತುತ್ತು ಕೈಯಲ್ಲಿ ಹಿಡಿದೇ ಅಪ್ಪ ತೂಗಿದ. ಅಮ್ಮ "ಒಂದು ಗಳಿಗೆ ಒರಗ್ಬಾರ್ದಾ" ಎಂದರೆ, "ಒರಗಿದ್ರೆ ಏಳಕ್ಕಾಗಲ್ಲ" ಎಂದು ಎದ್ದು ಹಿತ್ತಲಿಗೆ ಹೋಗಿ ತಲೆಯ ಮೇಲೆ ತಣ್ಣೀರು ಸುರಿದುಕೊಂಡ. ಮಾತು ಕೊಟ್ಟರೆ ಮುಗಿಯಿತು, ಜ್ವರ ಬಂದರೂ ತಪ್ಪುತ್ತಿರಲಿಲ್ಲ ಆ ಪುಣ್ಯಾತ್ಮ.

ನಾನು ಸೇದಿ ತಂದೆ, ಅಕ್ಕ ಹುಯ್ದಳು. ಧೂಳು ಕೆಂಪಗೆ ಇಳಿಯುತ್ತಾ ಕಾರು ಕರ್ರಗೆ ಕಾಣಿಸತೊಡಗಿತು. ಎಡಗಡೆಗೆ ಬಂದಾಗ ಅಕ್ಕನ ಕೈ ನಿಂತಿತು. ಮುಂದಿನ ದೀಪದಿಂದ ಹಿಂದಿನ ಬಾಗಿಲ ತನಕ ಉದ್ದಕ್ಕೂ ಒಂದು ಗೀರು. ಗೀರಿನ ಮೇಲೆ ಸುಣ್ಣದ ಬಿಳಿ. ಅಕ್ಕ ಬಾಗಿಲ ಹಿಡಿಯ ಸಂದಿಗೆ ಬೆರಳು ಹಾಕಿ ಏನನ್ನೋ ಕಿತ್ತು ನೋಡಿದಳು. ಮರದ ತೊಗಟೆ. ಆಗೆಲ್ಲ ರಸ್ತೆಯ ಎರಡೂ ಕಡೆ ದೊಡ್ಡ ದೊಡ್ಡ ಹುಣಸೆ ಮರಗಳಿದ್ದವು, ರಾತ್ರಿ ಕಾಣಲೆಂದು ಅವುಗಳ ಬುಡಕ್ಕೆ ಸುಣ್ಣ ಬಳಿದಿರುತ್ತಿದ್ದರು. ಅಕ್ಕ ತೊಗಟೆಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದಳು.

ಅಪ್ಪ ತಲೆ ಒರೆಸಿಕೊಳ್ಳುತ್ತಾ ಬಂದಾಗ ಅಕ್ಕ ಕೇಳಿಯೇಬಿಟ್ಟಳು. "ಇದೇನಪ್ಪ ಇದು?"

"ಎತ್ತಿನ ಗಾಡಿ ತಗುಲ್ತು ಬುಡು" ಎಂದ ಅಪ್ಪ.

ಅಕ್ಕ ಅಂಗೈ ಬಿಡಿಸಿ ತೊಗಟೆ ತೋರಿಸಿದಳು. ಅಪ್ಪ ಅದನ್ನೇ ನೋಡಿದ. ಆಮೇಲೆ ಅಡುಗೆಮನೆಯ ಕಡೆ ತಿರುಗಿ, ದನಿ ಇಳಿಸಿ, "ಒಂದು ಗಳಿಗೆ ಕಣ್ಣು ಹತ್ತಿಬುಡ್ತು ಕಣಮ್ಮ. ಯಾರಿಗೂ ಏನೂ ಆಗಿಲ್ಲ. ಅಮ್ಮಂಗೆ ಹೇಳ್ಬ್ಯಾಡ" ಎಂದ. ಎಂದವನು ಹೋಗಿ ಜಗಲಿಯ ಮೇಲೆ ಕುಳಿತ. ಕಣ್ಣು ಮುಚ್ಚಿ ಹೋಗದಿರಲೆಂದು ಬೀಡಿ ಹಚ್ಚಿದ.

ನಾನು ಅಕ್ಕನ ಪಕ್ಕಕ್ಕೆ ಸರಿದೆ. "ಅಮ್ಮಂಗೆ ಹೇಳಾಣ ಕಣಕ್ಕ" ಎಂದೆ. ಅಕ್ಕ ಬೇಡವೆಂದು ತಲೆಯಾಡಿಸಿದಳು. "ಹೇಳಿದ್ರೆ ಅಮ್ಮ ಅಳ್ತಾಳೆ. ಅಪ್ಪ ಹೋಗೇ ಹೋಗ್ತಾನೆ" ಎಂದಳು. ನಿಜ. ಅಪ್ಪನನ್ನು ಅಳು ತಡೆಯುತ್ತಿರಲಿಲ್ಲ. ಅಕ್ಕ ಬಗ್ಗಿ ಕಾರಿನ ಒಳಗೆ ಸೀಟುಗಳನ್ನು ನೋಡಿದಳು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು, "ಓಡ್ಲಾ, ಪಕ್ಕದೂರಿನ ಚಾಚಾನ ಕರ್ಕಂಡು ಬಾ. ಕಾರು ಸಮೇತ ಬರಕ್ಕೇಳು" ಎಂದಳು. ಚಾಚಾ ಎಂದರೆ ಅಪ್ಪನ ಹಾಗೆಯೇ ಬಾಡಿಗೆ ಕಾರು ಓಡಿಸುತ್ತಿದ್ದವರು, ಅಪ್ಪನ ಸ್ನೇಹಿತರು.

ನಾನು ಅಂಗಳ ದಾಟುವಷ್ಟರಲ್ಲಿ ಧಡಾರೆಂದು ನೀರಿನ ಸದ್ದು. ತಿರುಗಿ ನೋಡಿದರೆ ಅಕ್ಕ ತುಂಬಿದ ಬಕೆಟ್ಟನ್ನು ಕಾರಿನ ಒಳಕ್ಕೇ ಸುರಿದಿದ್ದಳು! ಮುಂದಿನ ಸೀಟಿಗೆ ಒಂದು, ಹಿಂದಿನ ಸೀಟಿಗೆ ಇನ್ನೊಂದು. ಅವು ತೆಂಗಿನ ನಾರು ತುಂಬಿದ ಸೀಟುಗಳು. ಹೊಲಿಗೆ ಬಿಚ್ಚಿದ ಕಡೆಯಲ್ಲೆಲ್ಲ ನೀರು ಗಟಗಟ ಕುಡಿದವು. ಹಾಗೆ ನೆಂದರೆ ಆ ದಿನವಿಡೀ ಒಣಗುವ ಮಾತೇ ಇಲ್ಲ.

"ಅಯ್ಯಯ್ಯೋ, ಏನೇ ಮಾಡ್ದೆ ಮೂದೇವಿ!" ಎಂದು ಅಮ್ಮ ಸೌಟು ಹಿಡಿದೇ ಓಡಿ ಬಂದಳು. ಅಪ್ಪ ಬೀಡಿ ಎಸೆದು ಎದ್ದ. ಸೀಟಿನ ಮೇಲೆ ಕೈ ಒತ್ತಿದ, ಬೆರಳ ಸಂದಿಯಲ್ಲಿ ನೀರು ಉಕ್ಕಿತು. "ಗೋಣಿಚೀಲ ತತ್ತಾರೇ, ಹಾಸ್ಕಂಡು ಹೋಯ್ತೀನಿ" ಎಂದು ಅಮ್ಮನಿಗೆ ಕೂಗಿದ.

"ನೀನು ಗೋಣಿಚೀಲದ ಮ್ಯಾಲೆ ಕೂತ್ಕಂತೀಯ. ರೇಷ್ಮೆ ಸೀರೆ ಉಟ್ಕಂಡು ಬಂದವ್ರು ಯಾತರ ಮ್ಯಾಲೆ ಕೂತ್ಕಂತಾರಪ್ಪ?" ಎಂದಳು ಅಕ್ಕ.

ಅಪ್ಪ ಕೈ ಎತ್ತಿದ. ನಮ್ಮಪ್ಪ ಅಕ್ಕನ ಮೇಲೆ ಕೈ ಎತ್ತಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನಾನು ಓಡುವುದನ್ನು ಬಿಟ್ಟು ಅಲ್ಲೇ ನಿಂತೆ. ಅಕ್ಕ ಹಿಂದೆ ಸರಿಯಲಿಲ್ಲ. "ಹೊಡಿಯಪ್ಪ. ಹೊಡೆಯಕ್ಕಾದ್ರೂ ನೀನು ಇರ್ಬೇಕಲ್ಲ" ಎಂದಳು.

ಎತ್ತಿದ ಕೈ ಹಾಗೇ ಇಳಿಯಿತು. ಅಮ್ಮ ಒಮ್ಮೆ ಅಪ್ಪನ ಮುಖ ನೋಡಿದಳು, ಒಮ್ಮೆ ಕಾರಿನ ಎಡಮೈ ನೋಡಿದಳು. ಅವಳಿಗೆ ಯಾರೂ ಏನೂ ಬಿಡಿಸಿ ಹೇಳಬೇಕಾಗಲಿಲ್ಲ. ಅಳುತ್ತಾಳೆಂದುಕೊಂಡಿದ್ದೆವು, ಅಳಲಿಲ್ಲ. ಒಳಗೆ ಹೋಗಿ ಚಾಪೆ ಬಿಡಿಸಿದ ಸದ್ದು ಕೇಳಿಸಿತು. ನಾನು ಓಡಿದೆ.

ಪುಣ್ಯಕ್ಕೆ ಚಾಚಾ ಆಗ ತಾನೇ ಊಟಕ್ಕೆ ಬಂದಿದ್ದರು. ನಾನು ಏದುಸಿರು ಬಿಡುತ್ತಾ ಹೇಳಿದ್ದು ಅರ್ಧ ಅರ್ಥವಾಯಿತೋ ಏನೋ, ಕೈ ತೊಳೆದು ಹೊರಟೇಬಿಟ್ಟರು. ನಾವು ಬರುವಷ್ಟರಲ್ಲಿ ಗಂಡಿನ ಕಡೆಯವರು ಬಂದಾಗಿತ್ತು. ಹಿರಿಯರೊಬ್ಬರು "ನಂಬಿದ್ದಕ್ಕೆ ಹಿಂಗಾ ಮಾಡೋದು" ಎಂದು ಕೂಗಾಡುತ್ತಿದ್ದರು. ಅಪ್ಪ ತಲೆ ತಗ್ಗಿಸಿ ಬೈಸಿಕೊಳ್ಳುತ್ತಿದ್ದ. ಚಾಚಾ ಇಳಿದವರೇ ಗೀರಿನ ಮೇಲೆ ಕೈ ಆಡಿಸಿದರು. ಕಾರು ಓಡಿಸುವವರಿಗೆ ಕಾರಿನ ಗಾಯ ತಿಳಿಯದೆ ಇರುತ್ತದೆಯೇ? "ಬನ್ನಿ ಸಾಮಿ, ನನ್ನ ಗಾಡಿಯಾಗೆ ಕೂತ್ಕಳಿ" ಎಂದು ಎಲ್ಲರನ್ನೂ ಹತ್ತಿಸಿಕೊಂಡರು. ಹೊರಡುವಾಗ ಅಪ್ಪನ ಹೆಗಲ ಮೇಲೆ ಕೈ ಇಟ್ಟು, "ಮಲ್ಕೋ ಭಾಯ್. ಪಾವಗಡ ಎಲ್ಲೂ ಓಡಿಹೋಗಲ್ಲ" ಎಂದರು.

ಅಪ್ಪ ಒಳಗೆ ಹೋಗಿ ಚಾಪೆಯ ಮೇಲೆ ಬಿದ್ದವನು ಮಗ್ಗುಲು ಕೂಡ ಬದಲಿಸಲಿಲ್ಲ. ಎಂಥ ಗೊರಕೆ! ಸೂರು ಹಾರಿಹೋಗುತ್ತದೇನೋ ಅನ್ನಿಸುತ್ತಿತ್ತು. ನಾನು ಮತ್ತು ಅಕ್ಕ ಸೀಟುಗಳನ್ನು ಕಿತ್ತು ಬಿಸಿಲಿಗೆ ಹಾಕಿದೆವು. ಬೀದಿಯ ಮಕ್ಕಳು ಗಲಾಟೆ ಮಾಡಿದರೆ ಅಕ್ಕ ಪೊರಕೆ ಹಿಡಿದು ಓಡಿಸುತ್ತಿದ್ದಳು. ಓಡಿಸಿ ಬಂದು ಅಪ್ಪನ ತಲೆಯ ಹತ್ತಿರ ಕುಳಿತು ನೊಣ ಬೀಸುತ್ತಿದ್ದಳು. ಬೀಸುತ್ತಾ ಬೀಸುತ್ತಾ ಒಬ್ಬಳೇ ಅತ್ತಳು. ಅಪ್ಪ ಎದ್ದದ್ದು ಮಾರನೆಯ ದಿನ ಬೆಳಿಗ್ಗೆ. ಎದ್ದು ಮೊದಲು ಕೇಳಿದ ಮಾತು, "ಸೀಟು ಒಣಗ್ತಾ?"

ಈಗ ಮಧುಗಿರಿಯ ಈ ಮನೆಯಲ್ಲಿ ನೀವು ಬಾವಿಯನ್ನೇ ನೋಡಿಲ್ಲ. ನಿಮ್ಮಪ್ಪನ ಕಾರಿಗೆ ಬೇರೆ ಶಾಂಪೂ, ಟೈರಿಗೆ ಬೇರೆ ಪಾಲಿಶ್, ಗಾಜಿಗೊಂದು ಬಟ್ಟೆ, ಬಾಗಿಲಿಗೊಂದು ಬಟ್ಟೆ. ಗುಂಡಿ ಒತ್ತಿದರೆ ನೀರು ರಭಸದಿಂದ ಚಿಮ್ಮುವ ಪಂಪು. ಸೀಟಿನ ಧೂಳು ಹೀರಲು ಒಂದು ಮಿಷಿನ್ನು. ನನಗೇನೂ ಹೊಟ್ಟೆಕಿಚ್ಚಿಲ್ಲ, ನನ್ನ ಕಾಲದಲ್ಲಿ ಇದ್ದಿದ್ದರೆ ನನ್ನ ರಟ್ಟೆಯೂ ಉಳಿಯುತ್ತಿತ್ತು. ಆದರೆ ದಿನವೂ ಪಾವಗಡದಾಚೆಯ ತಿರುಮಣಿ ಸೋಲಾರ್ ಪಾರ್ಕಿಗೆ ಪಾಳಿ ಕೆಲಸಕ್ಕೆ ಕಾರು ಓಡಿಸಿಕೊಂಡು ಹೋಗಿ ಬರುವ ನಿಮ್ಮಪ್ಪನ ಕಣ್ಣು ನಮ್ಮಪ್ಪನ ಕಣ್ಣಿನ ಹಾಗೆಯೇ ಕೆಂಪಗಿರುತ್ತದೆ. ಅದಕ್ಕೆ ಯಾವ ಪಾಲಿಶ್ಶೂ ಬಂದಿಲ್ಲ.

ಮೊನ್ನೆ ಭಾನುವಾರ ಅವನು ರಾತ್ರಿ ಪಾಳಿ ಮುಗಿಸಿ ಬಂದು ಕಾರಿಗೆ ನೊರೆ ಹಚ್ಚಿದ. ಹಚ್ಚಿ, ಸ್ಪಂಜು ಕೈಯಲ್ಲಿ ಹಿಡಿದೇ ಮೆಟ್ಟಿಲ ಮೇಲೆ ಕುಳಿತವನು ಗೋಡೆಗೆ ಒರಗಿ ನಿದ್ದೆಹೋದ. ನೀವಿಬ್ಬರೂ ಕಿಸಕಿಸ ನಗುತ್ತಾ ಅವನ ಮುಖಕ್ಕೆ ನೀರು ಹಾರಿಸಲು ಪೈಪು ಹಿಡಿದು ಬಂದಿರಿ. ನಾನು ಪೈಪು ಕಿತ್ತುಕೊಂಡು ಗದರಿದೆ. "ತಾತ ಬರೀ ಸಿಡುಕ" ಎಂದು ನಿಮ್ಮಮ್ಮನ ಹತ್ತಿರ ಚಾಡಿ ಹೇಳಿದ್ದೂ ನನಗೆ ಕೇಳಿಸಿತು. ಹೌದಪ್ಪ, ಸಿಡುಕನೇ.

ನೊರೆ ಬಿಸಿಲಿಗೆ ಒಣಗಿ ಕಾರಿನ ಮೈತುಂಬ ಬಿಳಿ ಕಲೆ ನಿಂತಿತು. ಬೋರ್‌ವೆಲ್ ನೀರಿನ ಕಲೆ, ಬೇಗ ಹೋಗುವುದಿಲ್ಲ. "ಎಬ್ಬಿಸ್ಬಾರ್ದಿತ್ತಾ?" ಎಂದು ನಿಮ್ಮಪ್ಪ ಸಂಜೆ ಎದ್ದು ನನ್ನ ಮೇಲೆ ರೇಗಿದ. ರೇಗಲಿ. ಕಣ್ತುಂಬ ನಿದ್ದೆ ಮಾಡಿ ರೇಗಿದ್ದ. ಅದೇ ಕಲೆಯ ಕಾರಿನಲ್ಲಿ ರಾತ್ರಿ ಕೆಲಸಕ್ಕೆ ಹೋದ. ಬೆಳಿಗ್ಗೆ ನೀವು ಶಾಲೆಯ ಚೀಲ ಏರಿಸಿಕೊಳ್ಳುವ ಹೊತ್ತಿಗೆ ವಾಪಸು ಬಂದು ಗೇಟಿನ ಹತ್ತಿರ ಹಾರನ್ ಮಾಡಿದ. ನೀವು ಓಡಿಹೋಗಿ ಗೇಟು ತೆಗೆದಿರಿ.